ಎತ್ತಾದ ಕಡಲ ಮಣ್ಣು

ಬಾಳಪ್ಪ ಮಾಸ್ತರರು ಮಣ್ಣನ್ನು ಹಲ್ಲಿನಿಂದ ಓದುತ್ತಿದ್ದರು. ಒಂದು ಚಿಟಿಕೆ ಮುಂದಿನ ಹಲ್ಲಿಗೆ ತಿಕ್ಕಿ, ಕಣ್ಣು ಮುಚ್ಚಿ ನಿಂತು, ಆಮೇಲೆ ಉಗುಳುತ್ತಿದ್ದರು. “ಕರಕರ ಅಂದ್ರ ಮರಳು, ಬೆಣ್ಣಿಯಂಗ ಜಾರಿದ್ರ ಜೇಡಿ, ಅಕ್ಕಾರ.”

“ಹೋಳಿಗಿ ಕೊಟ್ರ ಬ್ಯಾಡಂತಾನ, ಮಣ್ಣ ತಿಂತಾನ,” ಎಂದು ನಮ್ಮತ್ತೆ ಛೇಡಿಸುತ್ತಿದ್ದರು.

ಮಾಸ್ತರರು ಘೋಡಗೇರಿ ಊರಿನವರು. ಗೋಕಾಕದ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸುತ್ತ, ತೊಂಬತ್ತರ ದಶಕದಲ್ಲಿ ನಮ್ಮ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದರು. ಬೇಸಿಗೆ ರಜೆ ಬಂತೆಂದರೆ ಪೂರ್ವದ ಕಡಲ ದಂಡೆಗೆ ಹೋಗಿ, ನೆಲಕ್ಕೆ ಪೈಪು ಇಳಿಸಿ, ಅದರಲ್ಲಿ ಪದರ ಕೆಡದಂತೆ ಮಣ್ಣು ತುಂಬಿಕೊಂಡು ಬರುತ್ತಿದ್ದರು. ಯಾಕೆಂದು ನಾನು ಕೇಳಿದವಳಲ್ಲ.

ಒಂದು ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಹೊಳೆ ತುಂಬಿ, ಎತ್ತು ಮಾಡಲು ಜೇಡಿ ಸಿಗಲಿಲ್ಲ. ಮಾಸ್ತರರು ಊರಿಗೆ ಹೋಗಿದ್ದರು. ಪಡಸಾಲೆಯಲ್ಲಿ ಅವರು ಉದ್ದಕ್ಕೆ ಸೀಳಿಟ್ಟ ಪೈಪಿನ ತುಂಬ ಕರಿ ಮಣ್ಣು. ಬಸವಣ್ಣನೇ ಕಳಿಸಿದ ಎಂದುಕೊಂಡೆ. ನಡುವೆ ನಾಲ್ಕು ಬೆರಳು ಬಿಳಿ ಮರಳಿತ್ತು. ಮರಳು ಸೇರಿದರೆ ಎತ್ತು ಸೀಳುತ್ತದೆ. ಚಮಚದಿಂದ ಬಳಿದು ಮಲ್ಲಿಗೆಯ ಬುಡಕ್ಕೆ ಚೆಲ್ಲಿದೆ. ಜೋಡೆತ್ತು, ಅವು ಮೇಯುವ ಗೋದಲಿ ಮಾಡಿ ಪೂಜೆ ಮುಗಿಸಿದೆ.

ಸಂಜೆ ಬಂದ ಮಾಸ್ತರರು ಖಾಲಿ ಪೈಪು ನೋಡಿದರು, ದೇವರ ಜಗಲಿ ನೋಡಿದರು. ಗೋದಲಿಯಿಂದ ಚೂರು ಮುರಿದು ಹಲ್ಲಿಗೆ ಹಚ್ಚಿದರು.

“ಎತ್ತ ಛಲೋ ಆಗ್ಯಾವ್ರಿ ಅಕ್ಕಾರ. ನಡಬರಕಿನ ಮರಳ ಎಲ್ಲೈತ್ರಿ?”

“ಕಸ ಅಂತ ಮಲ್ಲಿಗಿಗೆ ಚೆಲ್ಲೀನ್ರಿ.”

ಅವರು ಕಟ್ಟೆಯ ಮೇಲೆ ಕುಳಿತುಬಿಟ್ಟರು. “ಅದ ಬೇಕಾಗಿತ್ರಿ. ಕೆಸರಿನಾಗ ಅಂಥಾ ಮರಳ ಸುಮ್ಮನ ಬರಂಗಿಲ್ಲ. ನೂರಾರು ವರ್ಷದ ಹಿಂದ ಕಡಲ ಎದ್ದು ಊರಾಗ ಬಂದಾಗ ತಂದು ಹಾಸಿದ್ದು. ಈಗ ಅಲ್ಲಿ ಮೀನುಗಾರರ ಮಕ್ಕಳಿಗೆ ದಂಡಿಮ್ಯಾಲ ಸಾಲಿ ಕಟ್ಟಾಕತ್ತಾರ. ಇದನ್ನ ತೋರಿಸಿ ಹಿಂದಕ್ಕ ಸರಸ್ರಿ ಅನ್ನಾವಿದ್ದೆ. ಬರೇ ಬಾಯಿಮಾತು ಯಾರ ನಂಬ್ತಾರ್ರಿ?”

ನಾನು ಮಲ್ಲಿಗೆಯ ಬುಡಕ್ಕೆ ಓಡಿದೆ. “ಬ್ಯಾಡ್ರಿ,” ಎಂದರು. “ಯಾವ ಪದರ ಮ್ಯಾಲಿತ್ತು, ಯಾವುದು ಕೆಳಗಿತ್ತು, ಅದು ಹೋತಂದ್ರ ಬರೇ ಮರಳ ಅದು.”

“ತಪ್ಪಾತಪಾ ತಮ್ಮಾ,” ಎಂದರು ಅತ್ತೆ.

“ಮಣ್ಣ ಎಲ್ಲೂ ಓಡಿಹೋಗಂಗಿಲ್ಲವಾ ಆಯಿ. ಸಾಲಿ ಪಾಯಾ ಬೀಳೂದ್ರೊಳಗ ಇನ್ನೊಮ್ಮಿ ಹೋಗಿಬರ್ತೇನಿ.”

ಮರುದಿನವೇ ರಜೆ ಬರೆದು ಹೊರಟರು. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟೆ. ಅವರು ತಿರುಗಿ ಬರುವವರೆಗೆ ಸೋಮವಾರ ಒಪ್ಪೊತ್ತು ಮಾಡಿದೆ. ಹೊಸ ಪೈಪನ್ನು ಅಲ್ಲಿಯೇ ಊರವರೆದುರು ಸೀಳಿ ಮರಳಿನ ಪದರ ತೋರಿಸಿದರಂತೆ. ಶಾಲೆಯನ್ನು ದಂಡೆ ಬಿಟ್ಟು ಹಿಂದಿದ್ದ ದಿಬ್ಬದ ಮೇಲೆ ಕಟ್ಟಿದರು. ಕೆಲವು ವರ್ಷಗಳ ಮೇಲೆ ಮಾಸ್ತರರೂ ಆ ದಂಡೆಗೇ ಹೋಗಿ ನೆಲೆಸಿದರು. ಹೋಗುವಾಗ, ಆ ಕಡಲ ಮಣ್ಣಿನ ಜೋಡಿಯಲ್ಲಿ ಉಳಿದಿದ್ದ, ಬಾಲ ಮುರಿದ ಒಂದು ಎತ್ತನ್ನು ವಸ್ತ್ರದಲ್ಲಿ ಸುತ್ತಿಕೊಂಡು ಹೋದರು.

2004ರ ಡಿಸೆಂಬರಿನಲ್ಲಿ ಕಡಲು ಎದ್ದ ಸುದ್ದಿ ಟಿವಿಯಲ್ಲಿ ಬಂತು. ಸಂಕ್ರಾಂತಿ ದಾಟಿದ ಮೇಲೆ ಒಂದು ಕಾರ್ಡು ಬಂತು: “ಅಕ್ಕಾರಿಗೆ ಶರಣು. ದಂಡೆಯ ಮನೆಗಳು ಉಳಿಯಲಿಲ್ಲ, ನನ್ನದೂ ಇಲ್ಲ. ದಿಬ್ಬದ ಶಾಲೆಗೆ ಓಡಿಬಂದವರೆಲ್ಲ ಉಳಿದರು.” ನನ್ನ ತಪ್ಪು ಆ ಮಕ್ಕಳಿಗೆ ತಟ್ಟಲಿಲ್ಲ, ದೇವರು ದೊಡ್ಡವನು.

ಆಮೇಲೆ ಅವರ ಕಾರ್ಡು ಬರಲಿಲ್ಲ, ಅವರೂ ಬರಲಿಲ್ಲ. ಅಮಾವಾಸ್ಯೆಗೆ ಜೇಡಿ ತರಲು ಹೋದಾಗ ನಾನೀಗ ಒಂದು ಚಿಟಿಕೆ ಹಲ್ಲಿಗೆ ತಿಕ್ಕಿ ನೋಡುತ್ತೇನೆ. ಕರಕರ ಎಂದರೆ ಅದನ್ನು ಇದ್ದಲ್ಲಿಯೇ ಬಿಟ್ಟು ಬರುತ್ತೇನೆ.