ಮರೆಮ್ಮ ಬಡಿಯದ ಡಬ್ಬಿ

ಅತನೂರಿನಾಚೆಯ ಆ ಸಣ್ಣ ಹಳ್ಳಿಯಲ್ಲಿ ಮರೆಮ್ಮನ ಬಾಯಿಗೆ ಹೆದರದವರು ಕಡಿಮೆ. ಆದರೂ ಆ ಬಾಯಿಗೆ ಊರ ಬಾವಿಯ ನೀರು ಸಿಕ್ಕಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಬಾಯಾರಿಕೆ ತಡೆಯದೆ ಕಟ್ಟೆ ಹತ್ತಿದ್ದಳು. ಕೇರಿಯ ಹೆಣ್ಣು ಬಾವಿ ಮೈಲಿಗೆ ಮಾಡಿದಳೆಂದು ಗೌಡರ ಆಳುಗಳು ಅವಳ ಕೊಡ ಒಡೆದು, ಹೆಂಟೆ ಎಸೆದು ಓಡಿಸಿದರು. ಅಂದಿನಿಂದ ಅವಳಿಗೆ ದನ ಮೇಯುವ ಬಯಲಿನ ಹೊಂಡವೇ ಗತಿ.

ಹೊತ್ತು ಮಾರುದ್ದ ಏರಿದಾಗ ಅಲ್ಲಿಗೆ ಅಡವಿ ಪಾರಿವಾಳಗಳು ಬರುತ್ತಿದ್ದವು. ಶಿಕಾರಿ ಸಾಹೇಬರು ಅವನ್ನು ಭಟ್‌ತೀತರ ಎನ್ನುತ್ತಿದ್ದರು. ಗಂಡು ಹಕ್ಕಿ ನೀರಿನಲ್ಲಿ ಕುಳಿತು ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಹಾರುವುದನ್ನು ಕಂಡು ಮರೆಮ್ಮ ಒಂದು ದಿನ ಹಿಂದೆಯೇ ಹೋದಳು. ಹುಲ್ಲಿನ ನಡುವೆ, ಬರಿನೆಲದ ಮೇಲೆ, ಮೂರು ಮರಿ ಅಪ್ಪನ ಒದ್ದೆ ಪುಕ್ಕ ಚೀಪುತ್ತಿದ್ದವು.

೧೯೩೮ರ ಸುಗ್ಗಿಯಲ್ಲಿ ಗೌಡರ ಮನೆಗೆ ಈ ಹಕ್ಕಿಗಳ ಬೇಟೆಗೆಂದು ಬಂದೂಕಿನ ಅತಿಥಿಗಳು ಬಂದರು. ಬಯಲಿನಲ್ಲಿ ಆಗ ನೀರಿದ್ದದ್ದು ಎರಡೇ ಕಡೆ, ಈ ಹೊಂಡ ಮತ್ತು ಗುಡ್ಡದ ಕೆಳಗಿನ ಕುಂಟೆ. ಹೊಂಡದ ಬಳಿ ಡಬ್ಬಿ ಬಡಿದು ಓಡಿಸಿದರೆ ಬಾಯಾರಿದ ಹಕ್ಕಿಗಳೆಲ್ಲ ಕುಂಟೆಗೇ ಹೋಗಬೇಕು. ಅಲ್ಲಿ ಬಂದೂಕು ಕಾದಿರುತ್ತದೆ.

ತಳವಾರ ಪೀರಪ್ಪ ಒಂದು ಚಿಮಣಿ ಎಣ್ಣೆಯ ಡಬ್ಬಿ ತಂದಿಟ್ಟ. “ನಾಳಿ ಬಿಟ್ಟಿ ಕೆಲಸ ನಿಂದ ಬೇ. ಹೆಂಗೂ ದಿನಾ ಅಲ್ಲೇ ಹೋಗ್ತಿ. ಹಕ್ಕಿ ಇಳಿದ್ವು ಅಂದ್ರ ಈ ವರ್ಷ ಕಣದಾಗ ನಿನಗ ಕಾಳಿಲ್ಲ ಅಂದಾರ ಗೌಡ್ರು.”

ಕಣದ ಕಾಳೆಂದರೆ ಗಂಡನಿಲ್ಲದ ಅವಳಿಗೂ ಮಗಳಿಗೂ ವರ್ಷದ ರೊಟ್ಟಿ. ಬೆಳಗ್ಗೆ ಮರೆಮ್ಮ ಡಬ್ಬಿ ಹಿಡಿದೇ ಹೋದಳು. ಹಕ್ಕಿಗಳು ಬಂದವು, ಅವಳನ್ನು ಕಂಡು ಬೆದರಿ ಮೇಲೆಯೇ ಸುತ್ತು ಹಾಕಿದವು. ಬಡಿಯಲೆಂದು ಕೋಲು ಎತ್ತಿದವಳಿಗೆ ತನ್ನ ಬೆನ್ನಿಗೆ ಬಿದ್ದ ಹೆಂಟೆ ನೆನಪಾಯಿತು. ಮೈಯೆಲ್ಲ ಉರಿದುಹೋಯಿತು. ಕೋಲು ಬಿಸಾಕಿ, ಕಂಟಿಯ ಮರೆಗೆ ಹೋಗಿ ಅಲುಗಾಡದೆ ಕುಳಿತಳು. ಹಕ್ಕಿಗಳು ಇಳಿದು ಹೊಟ್ಟೆ ತುಂಬ ಕುಡಿದವು.

ಕುಂಟೆಯ ಕಡೆ ಒಂದು ಗುಂಡೂ ಹಾರಲಿಲ್ಲ. ಪೀರಪ್ಪ ಏದುಸಿರು ಬಿಡುತ್ತ ಓಡಿಬಂದ. “ನಿದ್ದಿ ಹತ್ತಿತ್ತು ಅಂತ ಹೇಳು ಬೇ. ನಾ ಗೌಡ್ರ ಕಾಲು ಹಿಡೀತೀನಿ, ಕಾಳು ಉಳೀತದ.”

ಒಳ್ಳೆಯ ಮನುಷ್ಯ, ಪಾಪ. ಆದರೆ ಮರೆಮ್ಮ ಡಬ್ಬಿಯಲ್ಲಿ ನೀರು ತುಂಬಿಕೊಂಡು, ತಲೆಯ ಮೇಲಿಟ್ಟು, ಅತಿಥಿಗಳೊಡನೆ ಮರಳಿದ್ದ ಗೌಡರ ಮನೆಯ ಕಟ್ಟೆಯ ಮುಂದೆ ಹೋಗಿ ನಿಂತಳು.

“ನಿದ್ದಿಗಿದ್ದಿ ಏನೂ ಹತ್ತಿಲ್ರಿ. ಬೇಕಂತ ಬಡಿಲಿಲ್ಲ. ನೀರಿಗೆ ಬಂದವರನ್ನ ಓಡಿಸೋದು ನಿಮಗ ಬರ್ತದ, ನನಗ ಬರಂಗಿಲ್ಲ.”

ಅತಿಥಿಗಳ ಎದುರು ಗೌಡರ ಮುಖ ಕೆಂಪಾಯಿತು. “ಕಾಳು ಬಂದ್! ಡಬ್ಬಿ ಅಲ್ಲಿಟ್ಟು ನಡಿ!”

“ಕಾಳು ನಿಮ್ಮ ಕೈಯಾಗಿಂದು, ಇಟ್ಕೋರಿ. ಡಬ್ಬಿ ಕೊಡಂಗಿಲ್ಲ. ನಿಮ್ಮಾಳು ನನ್ನ ಕೊಡ ಒಡೆದು ಇಪ್ಪತ್ತು ವರ್ಷ ಆತು, ಅದರ ಬದ್ಲಿ ಇದು.”

ಆ ವರ್ಷ ತಾಯಿ ಮಗಳು ಊರೂರು ಅಲೆದು ಕೂಲಿ ಮಾಡಿ ಉಂಡರು. ನೀರು ಮಾತ್ರ ಅದೇ ಡಬ್ಬಿಯಲ್ಲಿ, ಗೌಡರ ಕಟ್ಟೆಯ ಮುಂದಿನ ದಾರಿಯಲ್ಲೇ, ದಿನಾ ಮನೆಗೆ ಬಂತು.