ದಿಕ್ಸೂಚಿಗೆ ಮನೆ ಕಟ್ಟುವ ದೂಜಣ್ಣ

ದೂಜ ತಿಂಗಳಾಯರಿಗೆ ಹಡಗು ಹತ್ತಿದರೆ ವಾಂತಿ ಬರುತ್ತದೆ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಮಲ್ಪೆಯ ಮೊಗವೀರರ ಮನೆಯಲ್ಲಿ ಹುಟ್ಟಿದವರು, ಅಪ್ಪ ಅಜ್ಜ ಎಲ್ಲ ಕಡಲಲ್ಲೇ ಬದುಕು ಸವೆಸಿದವರು. ಅಂಥ ಮನೆಯ ಹುಡುಗ ದೋಣಿಯ ಅಂಚು ಹಿಡಿದು ಕರುಳು ಕಿತ್ತು ಬರುವ ಹಾಗೆ ಕಾರಿಕೊಂಡಾಗ ಊರಿಗೆ ಊರೇ ನಕ್ಕಿತ್ತು. ಆ ನಗು ತಪ್ಪಿಸಿಕೊಳ್ಳಲು ಬೇರೆ ದಾರಿ ಕಾಣದೆ ಅವರು ಮುಂಬಯಿ ಬಸ್ಸು ಹತ್ತಿದರು. ಆದರೆ ಕಡಲು ಅಷ್ಟು ಸುಲಭಕ್ಕೆ ಬಿಡುವ ಪೈಕಿಯಲ್ಲ. ಹಗಲು ಫೋರ್ಟಿನ ಕ್ಯಾಂಟೀನಿನಲ್ಲಿ ಚಾ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ನಕ್ಷೆ ಬಿಡಿಸಲು ಕಲಿತು, ಕಡೆಗೆ ಹೊಟ್ಟೆಪಾಡಿಗೆ ಅವರು ಸೇರಿದ್ದು ಭಾಂಡುಪಿನ ಒಂದು ಗಾಲಾಕ್ಕೆ. ಇಲ್ಲಿ ಗಾಲಾ ಎಂದರೆ ಸಣ್ಣ ಕಾರ್ಖಾನೆಯ ಶೆಡ್ಡು. ಅಲ್ಲಿ ತಯಾರಾಗುತ್ತಿದ್ದುದು ಹಡಗಿನ ದಿಕ್ಸೂಚಿಯನ್ನು ಕೂರಿಸುವ ಪೀಠಗಳು.

ಗಾಲಾದವರು ಅದನ್ನು ಬಿನ್ನಕಲ್ ಎನ್ನುತ್ತಾರೆ. ಎದೆಯೆತ್ತರದ ಸಾಗುವಾನಿ ಕಂಬ, ಅದರ ತಲೆಯ ಮೇಲೆ ಗಾಜಿನ ಕಿಂಡಿಯಿರುವ ಹಿತ್ತಾಳೆಯ ಟೊಪ್ಪಿ. ಒಳಗೆ ಒಂದರೊಳಗೊಂದು ತೂಗುವ ಎರಡು ಹಿತ್ತಾಳೆ ಬಳೆಗಳ ನಡುವೆ ದಿಕ್ಸೂಚಿಯ ಬಟ್ಟಲು. ಹಡಗು ಎಷ್ಟು ಹೊಯ್ದಾಡಿದರೂ ಬಟ್ಟಲು ಮಾತ್ರ ಸಮನಾಗಿ ನಿಂತಿರುತ್ತದೆ. ಕಂಬದ ಹೊಟ್ಟೆಯಲ್ಲಿ ಆಯಸ್ಕಾಂತಗಳನ್ನಿಡಲು ಒಂದು ಪುಟ್ಟ ಕಪಾಟು. ಹಡಗೇ ಒಂದು ಕಬ್ಬಿಣದ ಗುಡ್ಡವಾದ್ದರಿಂದ ಅದು ಸೂಜಿಯನ್ನು ತನ್ನ ಕಡೆಗೆ ಎಳೆಯುತ್ತದೆ. ಆ ಎಳೆತಕ್ಕೆ ಎದುರೆಳೆತ ಕೊಡುವುದು ಈ ಆಯಸ್ಕಾಂತಗಳ ಕೆಲಸ. ಉಪಗ್ರಹಗಳು ದಾರಿ ತೋರಿಸುವ ಈ ಕಾಲದಲ್ಲೂ ದೊಡ್ಡ ಹಡಗುಗಳಲ್ಲಿ ಇಂಥದ್ದೊಂದು ಇರಲೇಬೇಕೆಂಬ ನಿಯಮವಿದೆ, ಯಾಕೆಂದರೆ ಕರೆಂಟು ಹೋದರೂ ಸೂಜಿ ಕೆಲಸ ನಿಲ್ಲಿಸುವುದಿಲ್ಲ.

ದೂಜಣ್ಣನ ನಕ್ಷೆಗಳಲ್ಲಿ ಒಂದು ವಿಶೇಷವಿತ್ತು. ಟೊಪ್ಪಿಯ ಕಿಂಡಿಯನ್ನು ಅವರು ಬೇರೆಯವರಿಗಿಂತ ಕೊಂಚ ಕೆಳಗೆ, ಕೊಂಚ ಓರೆಯಾಗಿ ಕೊರೆಸುತ್ತಿದ್ದರು. ಯಾಕೆಂದು ಮಾಲೀಕ ಮನೀಶ್‌ಭಾಯಿ ಕೇಳಿದಾಗ, ಚುಕ್ಕಾಣಿ ಹಿಡಿದವನು ಕೆಲಸ ಶುರುಮಾಡುವಾಗ ನಿಂತ ಹಾಗೆ ಕೆಲಸ ಮುಗಿಸುವಾಗ ನಿಂತಿರುವುದಿಲ್ಲ, ದಣಿದು ಕುಗ್ಗಿರುತ್ತಾನೆ, ಕಿಂಡಿ ಇರಬೇಕಾದದ್ದು ದಣಿದ ಕಣ್ಣಿಗೆ ಎಂದಿದ್ದರು. ದೋಣಿಯಿಂದಿಳಿದ ಅಪ್ಪ ಮನೆಯ ಬಾಗಿಲಲ್ಲಿ ಹೇಗೆ ನಿಲ್ಲುತ್ತಿದ್ದರೆಂಬುದು ಅವರಿಗೆ ನೆನಪಿತ್ತು. ಕಡಲಿಗೆ ಹೋಗಲಾರದವನು ಕಡಲಿಗೆ ಹೋದವರ ಬಗ್ಗೆ ಇಷ್ಟಾದರೂ ಯೋಚಿಸದಿದ್ದರೆ ಹೇಗೆ ಎಂಬುದು ಅವರ ಲೆಕ್ಕಾಚಾರ.

ಗಾಲಾದ ಹಿಂಭಾಗದ ಕೋಣೆಯಲ್ಲಿ ಕೊನೆಯ ಪರೀಕ್ಷೆ ನಡೆಯುತ್ತಿತ್ತು. ಆ ಕೋಣೆಗೆ ಹಾಕಿದ ಮೊಳೆ, ಬಿಜಾಗರಿ ಎಲ್ಲ ಹಿತ್ತಾಳೆಯದೇ. ತಿರುಗುವ ಮರದ ಹಲಗೆಯ ಮೇಲೆ ಬಿನ್ನಕಲ್ ನಿಲ್ಲಿಸಿ ಅಷ್ಟಷ್ಟೇ ತಿರುಗಿಸಬೇಕು. ಕಪಾಟು ಖಾಲಿಯಿದ್ದಾಗ, ಪೀಠ ಎಷ್ಟು ತಿರುಗಿದರೂ ಸೂಜಿ ಉತ್ತರ ಬಿಡಬಾರದು. ಆಯಸ್ಕಾಂತ ಇಟ್ಟಾಗ ಎಷ್ಟು ಬೇಕೋ ಅಷ್ಟೇ ಸರಿಯಬೇಕು. ಹೊರಗೆ ಗಲ್ಲಿಯಲ್ಲಿ ಟ್ರಕ್ಕು ಬಂದರೆ ಅದು ಹೋಗುವ ತನಕ ಸುಮ್ಮನೆ ಕಾಯಬೇಕು. ಒಳಗೆ ಹೋಗುವವರು ಬೆಲ್ಟು, ವಾಚು, ಬೀಗದ ಕೈ, ಮೊಬೈಲು ಎಲ್ಲವನ್ನೂ ಹೊರಗಿನ ಮರದ ಪೆಟ್ಟಿಗೆಯಲ್ಲಿಟ್ಟು ಹೋಗಬೇಕೆಂದು ದೂಜಣ್ಣನ ಕಾನೂನು. ಒಮ್ಮೆ ಮನೀಶ್‌ಭಾಯಿಯನ್ನೇ ಬೆಲ್ಟು ಬಿಚ್ಚಿಸಿ ಒಳಗೆ ಬಿಟ್ಟಿದ್ದರು. ಅವರು ಪ್ಯಾಂಟು ಹಿಡಿದುಕೊಂಡೇ ಸೂಜಿ ನೋಡಿದರು. ತಾವು ಕಣ್ಣಾರೆ ನೋಡದ ಬಿನ್ನಕಲ್ ಒಂದನ್ನೂ ದೂಜಣ್ಣ ಅದುವರೆಗೆ ಹೊರಗೆ ಬಿಟ್ಟವರಲ್ಲ.

ಹೀಗಿರುವಾಗ ಕಳೆದ ಬೇಸಿಗೆಯಲ್ಲಿ ಘಾಟ್ಕೋಪರ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ಅವರು ಕಣ್ಣು ಕತ್ತಲೆ ಬಂದು ಬಿದ್ದರು. ಹೃದಯದ ಬಡಿತ ನಡುನಡುವೆ ತಪ್ಪುತ್ತಿದೆ ಎಂದು ಆಸ್ಪತ್ರೆಯಲ್ಲಿ ಎದೆಯ ಎಡಭಾಗದಲ್ಲಿ, ಚರ್ಮದ ಕೆಳಗೆ ಪೇಸ್‌ಮೇಕರ್ ಕೂರಿಸಿದರು. ಎಲ್ಲ ಮುಗಿದ ಮೇಲೆ ಡಾಕ್ಟರು, "ಯಾವ ಹೋಟೆಲ್ ನಿಮ್ಮದು?" ಎಂದು ಕೇಳಿದರು. ಉಡುಪಿ ಕಡೆಯವರೆಂದರೆ ಈ ಊರಿನಲ್ಲಿ ಮೊದಲು ಬರುವ ಪ್ರಶ್ನೆ ಅದೇ. ಹೋಟೆಲ್ ಅಲ್ಲ, ಆಯಸ್ಕಾಂತದ ಕೆಲಸ ಎಂದಾಗ ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಆಯಸ್ಕಾಂತ ಎದೆಯ ಹತ್ತಿರ ಬಂದರೆ ಯಂತ್ರ ನಿಮ್ಮ ಹೃದಯದ ಮಾತು ಕೇಳುವುದನ್ನು ಬಿಟ್ಟು ತನ್ನದೇ ತಾಳ ಹಾಕಲು ಶುರುಮಾಡುತ್ತದೆ, ದೂರವಿರಿ ಎಂದರು. ಪಕ್ಕದಲ್ಲಿ ನಿಂತಿದ್ದ ಹೆಂಡತಿ ಶೀಲಾವತಿ ಡಾಕ್ಟರ ಮಾತನ್ನು ಮೂರು ಸಲ ಕೇಳಿಸಿಕೊಂಡು, ಗಂಡನ ಮುಖ ನೋಡಿ, ಈ ಮನುಷ್ಯ ಕೇಳುವವನಲ್ಲ ಎಂದು ಅಲ್ಲಿಯೇ ತೀರ್ಮಾನಿಸಿದಳು.

ಅವಳ ತೀರ್ಮಾನ ಸುಳ್ಳಾಗಲಿಲ್ಲ. ರಜೆ ಮುಗಿದ ಮೊದಲ ವಾರವೇ ದೂಜಣ್ಣ ಕೋಣೆಗೆ ಹೋಗಿ, ಆಯಸ್ಕಾಂತದ ತಟ್ಟೆಯನ್ನು ಕೈಯುದ್ದ ದೂರ ಹಿಡಿದು ಕಪಾಟಿಗೆ ಸೇರಿಸಲು ಬಗ್ಗಿದರು. ಬಗ್ಗಿದ ಕ್ಷಣ ಎದೆಯೊಳಗೆ ಏನೋ ಬದಲಾಯಿತು. ಹೃದಯ ಬಡಿಯುತ್ತಿತ್ತು, ಆದರೆ ಬಡಿತ ಅವರದಾಗಿರಲಿಲ್ಲ. ಬೇರೆ ಯಾರೋ ಒಳಗೆ ಕುಳಿತು ಎಣಿಸಿ ಎಣಿಸಿ ಬಡಿದಂತಿತ್ತು. ಹಿಂದಕ್ಕೆ ಸರಿದು ಗೋಡೆಗೆ ಒರಗಿದರು. ಜೀವಮಾನದಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು. ಆ ಸಂಜೆಯೇ ಹಳದಿ ಬಣ್ಣದ ಡಬ್ಬಿ ತಂದು, ಕೋಣೆಯ ನೆಲದ ಮೇಲೆ ತಮಗೆ ತಾವೇ ಒಂದು ಗೆರೆ ಎಳೆದುಕೊಂಡರು.

ಮನೀಶ್‌ಭಾಯಿ ಕೆಟ್ಟ ಮನುಷ್ಯನಲ್ಲ. "ಪರೀಕ್ಷೆಯನ್ನು ಹೊರಗಿನವರಿಗೆ ಕೊಟ್ಟುಬಿಡೋಣ ದೂಜಾಭಾಯ್, ನೀವು ನಕ್ಷೆ ಮಾಡಿಕೊಂಡು ಆರಾಮವಾಗಿರಿ" ಎಂದು ಹಿಂದಿಯಲ್ಲಿ ಸಮಾಧಾನ ಹೇಳಿದರು. ಆ ಹೊರಗಿನವರು ಫೈಬರಿನ ಪೀಠಗಳನ್ನು ಸಾಲಾಗಿ ಅಚ್ಚು ಹಾಕಿ ಮಾರುವವರು. ಇವತ್ತು ಪರೀಕ್ಷೆ ಅಲ್ಲಿಗೆ ಹೋದರೆ ನಾಳೆ ಟೊಪ್ಪಿ ಹೋಗುತ್ತದೆ, ನಾಡಿದ್ದು ಕಂಬ ಹೋಗುತ್ತದೆ, ಆಮೇಲೆ ತನ್ನ ನಕ್ಷೆ ಯಾರಿಗೆ ಬೇಕು ಎಂದು ದೂಜಣ್ಣನಿಗೆ ಹೊಳೆಯದೆ ಇರಲಿಲ್ಲ. ಈಗ ಕೈಯಲ್ಲಿರುವ ಸಾಗುವಾನಿ ಬಿನ್ನಕಲ್ ಒಂದನ್ನು ಇಲ್ಲೇ ಪರೀಕ್ಷಿಸಿ ತೋರಿಸುತ್ತೇನೆ, ಆಮೇಲೆ ನಿಮ್ಮಿಷ್ಟ ಎಂದು ಹಟ ಹಿಡಿದರು. ಗೆರೆಯಾಚೆ ಕೈಕೆಲಸಕ್ಕೆ ಶಿವಕುಮಾರಿ ಇರಲಿ ಎಂದರು.

ಶಿವಕುಮಾರಿ ಕಲಬುರಗಿಯ ಆಳಂದದ ಕಡೆಯವಳು, ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಬಂದು, ಈಗ ಹಲವು ವರ್ಷದಿಂದ ಗಾಲಾದಲ್ಲಿ ಹಿತ್ತಾಳೆ ಉಜ್ಜುವವಳು. ಅವಳು ಉಜ್ಜಿದ ಟೊಪ್ಪಿಯಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದಿತ್ತು. ಕೈ ನಡುಗದು, ಮಾತು ಕಮ್ಮಿ. ಲೇತ್ ಯಂತ್ರ ನಡೆಸುವವನನ್ನು ಕರೆಯೋಣವೆಂದರೆ ಅವನ ಮುಂಗೈಯಲ್ಲಿ ಹರಕೆಯ ಕಬ್ಬಿಣದ ಕಡಗ, ಪ್ರಾಣ ಹೋದರೂ ಬಿಚ್ಚುವವನಲ್ಲ.

ಮೊದಲ ದಿನ ಎಲ್ಲ ಚೆನ್ನಾಗಿಯೇ ಶುರುವಾಯಿತು. ಮೊಬೈಲನ್ನು ಪೆಟ್ಟಿಗೆಯಲ್ಲಿಟ್ಟು ಶಿವಕುಮಾರಿ ಒಳಗೆ ಬಂದಳು. ದೂಜಣ್ಣ ಗೆರೆಯ ಈಚೆ ನಿಂತು ಹೇಳಿದ ಹಾಗೆ ಪೀಠ ತಿರುಗಿಸಿದಳು, ಕಿಂಡಿಯ ಟೊಪ್ಪಿ ತೆಗೆದು ಬಗ್ಗಿ ಬಟ್ಟಲಿನ ಗಾಜಿನೊಳಗೆ ನೋಡಿದಳು.

"ಎಂತ ಉಂಟು? ಉತ್ತರಕ್ಕೆ ನಿಂತಿತಾ?"

"ಇಲ್ರಿ ಕಾಕಾ. ಜರಾ ಸರದದ. ಮೂಡಣಕ್ಕ."

ಕಪಾಟು ಇನ್ನೂ ಖಾಲಿ. ಸರಿಯಲು ಕಾರಣವೇ ಇಲ್ಲ. ಮತ್ತೆ ತಿರುಗಿಸಿದರು, ಮತ್ತೆ ಅದೇ ಮಾತು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಹಿತ್ತಾಳೆಯ ಸ್ಕ್ರೂಗಳಲ್ಲಿ ಎಲ್ಲೋ ಕಬ್ಬಿಣ ಸೇರಿದೆಯೆಂದು ಟೊಪ್ಪಿ, ಬಳೆ, ಕಂಬ ಎಲ್ಲ ಬಿಚ್ಚಿಸಿದರು. ಏನೂ ಸಿಗಲಿಲ್ಲ. ಕಪಾಟು ಖಾಲಿಯೆಂದು ಗೊತ್ತಿದ್ದರೂ ಆ ದಿನದ ಹೆದರಿಕೆ ದೂಜಣ್ಣನಿಗೆ ಗೆರೆ ದಾಟಲು ಬಿಡಲಿಲ್ಲ, ಈಚೆಯಿಂದ ಕಾಣುತ್ತಿದ್ದುದು ಶಿವಕುಮಾರಿಯ ಬೆನ್ನು ಮಾತ್ರ. ಸಂಜೆಯ ಹೊತ್ತಿಗೆ ಅವರ ತಾಳ್ಮೆ ಹರಿಯಿತು.

"ಕಣ್ಣು ಎಲ್ಲಿ ಇಟ್ಟಿದ್ದಿ ಮಾರಾಯ್ತಿ? ಹಿತ್ತಾಳೆ ಉಜ್ಜಿದ ಹಾಗೆ ಅಲ್ಲ ಇದು."

ಶಿವಕುಮಾರಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾ ಕಂಡದ್ದು ಹೇಳ್ಲಕತ್ತೀನ್ರಿ. ಸರಿ ಅದ ಅಂತ ಸುಳ್ಳು ಹೇಳಲೇನು?" ಎಂದವಳು ಪೆಟ್ಟಿಗೆಯಿಂದ ಮೊಬೈಲು ತೆಗೆದುಕೊಂಡು, ತಿರುಗಿ ನೋಡದೆ ಹೋದಳು.

ದೂಜಣ್ಣ ಲೋಕಲ್ ರೈಲಿನಲ್ಲಿ ಘಾಟ್ಕೋಪರ್‌ನ ಮನೆಗೆ ಮರಳಿದರು. ಇಡೀ ದಾರಿ ತಲೆ ಕೆಡಿಸಿಕೊಂಡು ಬಂದವರಿಗೆ ಊಟ ಬೇಕಿರಲಿಲ್ಲ. ಶೀಲಾವತಿ ಬಿಡಲಿಲ್ಲ. ಗಂಜಿ ಹಾಕಿ, ಬಂಗುಡೆ ಸಾರು ಬಡಿಸಲು ತಟ್ಟೆಯ ಮೇಲೆ ಬಗ್ಗಿದಳು. ಅವಳ ಕರಿಮಣಿ ಸರ ಕತ್ತಿನಿಂದ ಜೋತು ಮುಂದಕ್ಕೆ ಬಂತು. ಸರದ ತುದಿಯಲ್ಲಿ, ತಾಳಿಯ ಪಕ್ಕ, ಬೇಕಾದಾಗ ಕೈಗೆ ಸಿಗಲೆಂದು ಸಿಕ್ಕಿಸಿಟ್ಟ ಸೇಫ್ಟಿ ಪಿನ್ನುಗಳ ಗೊಂಚಲು. ಅದು ತಟ್ಟೆಯ ಅಂಚಿಗೆ ತಗಲಿ ಕಿಣಿಕಿಣಿ ಎಂದಿತು.

ದೂಜಣ್ಣ ಎತ್ತಿದ ತುತ್ತು ಕೆಳಗಿಟ್ಟರು. ಶಿವಕುಮಾರಿಯ ಸರದಲ್ಲೂ ಇಂಥ ಉಕ್ಕಿನ ಪಿನ್ನುಗಳಿದ್ದರೆ, ಬಗ್ಗಿ ನೋಡುವಾಗ ಅವು ಗಾಜಿನ ಮೇಲೆಯೇ ತೂಗುತ್ತವೆ, ಸೂಜಿ ಸರಿಯುತ್ತದೆ. ನೆಟ್ಟಗೆ ನಿಂತರೆ ಸೂಜಿ ತನ್ನ ಜಾಗಕ್ಕೆ ಮರಳುತ್ತದೆ, ಆದರೆ ಆಗ ನೋಡುವವರು ಯಾರೂ ಇಲ್ಲ. ಅವರು ಗಟ್ಟಿಯಾಗಿ ನಕ್ಕುಬಿಟ್ಟರು. ಏನಾಯಿತೆಂದು ಶೀಲಾವತಿ ಗಾಬರಿಯಾದಳು. ವಿಷಯ ತಿಳಿಸಿ, ಹೆಂಗಸಿನ ತಾಳಿಸರದ ಸುದ್ದಿ ಗಂಡಸು ಎತ್ತುವುದು ಹೇಗೆ, ನೀನೇ ಫೋನು ಮಾಡಿ ಹೇಳು ಎಂದು ತುಳುವಿನಲ್ಲಿ ಗೋಗರೆದರು. ಬೈಯುವಾಗ ನನ್ನನ್ನು ಕೇಳಿದ್ದಿರಾ, ಹೇಳುವುದನ್ನೂ ನೀವೇ ಹೇಳಿ ಎಂದು ಅವಳು ಇನ್ನೊಂದು ಸೌಟು ಸಾರು ಹಾಕಿದಳು.

ಮರುದಿನ ಶಿವಕುಮಾರಿ ಬರುತ್ತಾಳೋ ಇಲ್ಲವೋ ಎಂಬ ಅಳುಕಿತ್ತು. ಬಂದಳು. ದೂಜಣ್ಣ ಗೋಡೆಯ ಕಡೆ ಮುಖ ಮಾಡಿ, ಗಂಟಲು ಸರಿಮಾಡಿಕೊಂಡು, "ಸರದಲ್ಲಿ ಪಿನ್ನು ಗಿನ್ನು ಇದ್ದರೆ ತೆಗಿಬೇಕಾಗ್ತದೆ. ಸರ ಅಲ್ಲ, ಪಿನ್ನು ಮಾತ್ರ" ಎಂದು ಹೇಗೋ ಒದರಿದರು.

ಅವಳು ತಲೆ ತಗ್ಗಿಸಿ ತನ್ನ ಕೊರಳು ನೋಡಿಕೊಂಡಳು. ಅರ್ಥವಾಗಲು ತಡವಾಗಲಿಲ್ಲ. ಸರದ ಪಿನ್ನು, ಭುಜದ ಮೇಲಿನ ಪಿನ್ನು, ನೆರಿಗೆಯ ಪಿನ್ನು ಎಲ್ಲ ಬಿಚ್ಚಿ ಪೆಟ್ಟಿಗೆಯಲ್ಲಿ ಹಾಕಿ, ಸೆರಗನ್ನು ಸೊಂಟಕ್ಕೆ ಬಿಗಿದಳು. "ನಿಮ್ಮ ಕಾನೂನಿನ್ಯಾಗ ಬೆಲ್ಟ್ ಅದ, ವಾಚ್ ಅದ. ಹೆಣ್ಣಮಕ್ಕಳ ಸಾಮಾನ ಎಲ್ಲಿ ಅದರಿ?" ಎಂದಳು.

ದೂಜಣ್ಣ ನಾಲಿಗೆ ಕಚ್ಚಿಕೊಂಡರು. ಇಷ್ಟು ವರ್ಷದಲ್ಲಿ ಆ ಕೋಣೆಗೆ ಒಬ್ಬ ಹೆಂಗಸೂ ಕಾಲಿಟ್ಟಿರಲಿಲ್ಲ. ಕಾಲಿಟ್ಟಾಳೆಂದು ಅವರು ಎಣಿಸಿಯೂ ಇರಲಿಲ್ಲ.

ಆಮೇಲೆ ಕೆಲಸ ಸುಗಮವಾಯಿತು. ಖಾಲಿ ಕಪಾಟಿನ ಬಿನ್ನಕಲ್ ಯಾವ ಕಡೆ ತಿರುಗಿದರೂ ಸೂಜಿ ಅಲುಗಲಿಲ್ಲವೆಂದು ಅವಳು ಹೇಳಿದಳು. ಆಯಸ್ಕಾಂತಗಳನ್ನು ಒಂದೊಂದಾಗಿ ತಟ್ಟೆಗಿಟ್ಟು, ತಟ್ಟೆ ಏರಿಸಿ, ಇಳಿಸಿ, ಸೂಜಿ ಎಷ್ಟೆಷ್ಟು ಸರಿಯಿತೆಂದು ಕೂಗಿ ಹೇಳಿದಳು. ಎಲ್ಲವೂ ದೂಜಣ್ಣ ಮನಸ್ಸಿನಲ್ಲಿ ಹಾಕಿದ ಲೆಕ್ಕಕ್ಕೆ ಸರಿಹೊಂದಿತು. ಹೊಟ್ಟೆಗೆ ಹಾಲು ಹೊಯ್ದಂತಾಗಬೇಕಿತ್ತು. ಆಗಲಿಲ್ಲ. ನೋಡದೆ ಹೇಗೆ ಬಿಡುವುದು? ಎಲ್ಲೋ ಕಡಲಿನಲ್ಲಿ ದಣಿದು ಕುಗ್ಗಿದವನೊಬ್ಬ ಈ ಕಿಂಡಿಗೆ ಕಣ್ಣಿಟ್ಟಾಗ, ಇದು ಸರಿಯೆಂದು ಅವನಿಗೆ ಯಾರು ಮಾತು ಕೊಟ್ಟ ಹಾಗಾಯಿತು? ಇಷ್ಟು ಯೋಚಿಸುವಷ್ಟರಲ್ಲಿ ಅವರ ಕಾಲು ಗೆರೆ ದಾಟಿತ್ತು.

"ಒಂದು ಸಲ ನೋಡ್ತೇನೆ. ಒಂದೇ ಸಲ."

ಶಿವಕುಮಾರಿ ಬಿನ್ನಕಲ್‌ನ ಮುಂದೆ ಬಂದು ಅಡ್ಡ ನಿಂತಳು. "ಬ್ಯಾಡ್ರಿ ಕಾಕಾ. ಒಳಗ ಆಯಸ್ಕಾಂತ ಅವ."

"ಹಾಗಾದ್ರೆ ಅದನ್ನು ತೆಗಿ."

"ತಗದ್ ಮ್ಯಾಲ ಏನ್ ನೋಡ್ತೀರಿ?"

ಆಯಸ್ಕಾಂತ ತೆಗೆದರೆ ನೋಡುವುದಕ್ಕೇನೂ ಉಳಿಯುವುದಿಲ್ಲ. ಇಟ್ಟರೆ ಅವರು ಬಗ್ಗುವ ಹಾಗಿಲ್ಲ. ಎದೆಯೆತ್ತರಕ್ಕೆ ತಾವೇ ನಕ್ಷೆ ಹಾಕಿದ ಕಂಬ ಅದು, ತಮ್ಮ ಎದೆಗೇ ಎದುರಾಗಿ ನಿಂತಿತ್ತು. ಅಳು ಬರುವಷ್ಟು ಸಿಟ್ಟು ಬಂತು ಅವರಿಗೆ, ಅವಳ ಮೇಲಲ್ಲ.

"ನಿನ್ನಿ ನನಗ ಬೈದ್ರಿ," ಎಂದಳು ಶಿವಕುಮಾರಿ, ದನಿ ಏರಿಸದೆ. "ಸರಿ ಅದ ಅಂದಿದ್ರ ಬೈತಿದ್ದಿಲ್ಲ. ಮನಿಗಿ ಲಗೂ ಹೋಗ್ತಿದ್ದೆ. ಆದ್ರ ಸೂಜಿ ಖರೇನೇ ಸರದಿತ್ತಲ್ರಿ ಕಾಕಾ. ನಾ ಕಂಡದ್ದೇ ಹೇಳಿದ್ದೆ."

ದೂಜಣ್ಣ ನಿಂತಲ್ಲೇ ನಿಂತರು. ಹೌದಲ್ಲ. ನಿನ್ನೆ ಇಡೀ ದಿನ ಸೂಜಿ ಸರಿದದ್ದು ನಿಜ. ತಾವು ಅದನ್ನು ನೋಡಿರಲಿಲ್ಲ, ಅವಳು ನೋಡಿದ್ದಳು. ಬೈಗುಳ ಬೀಳುತ್ತದೆಂದು ಗೊತ್ತಿದ್ದೂ, ಸರಿದಿದೆ ಎಂದೇ ಹೇಳಿದ್ದಳು. ಆ ಕೋಣೆಯಲ್ಲಿ ನಿನ್ನೆ ತಪ್ಪು ನೋಡಿದ್ದು ಅವಳ ಕಣ್ಣಲ್ಲ.

ಹೊರಗೆ ಪೆಟ್ಟಿಗೆಯಲ್ಲಿ ಅವರ ಮೊಬೈಲು ಬಡಿದುಕೊಳ್ಳುತ್ತಿತ್ತು. ಹೋಗಿ ಎತ್ತಿದರು. ಮನೀಶ್‌ಭಾಯಿ. ಟೆಂಪೊ ಬಂದು ನಿಂತಿದೆ, ಬಿನ್ನಕಲ್ ಕಳಿಸಬಹುದೇ ಎಂದು ಕೇಳಿದರು. ಕಳಿಸಬಹುದು ಎಂದರು ದೂಜಣ್ಣ.

"ನೀವು ನೋಡಿದಿರಾ ದೂಜಾಭಾಯ್?"

ದೂಜಣ್ಣ ಬಾಗಿಲಿನಿಂದ ಒಳಗೆ ನೋಡಿದರು. ಶಿವಕುಮಾರಿ ಕಪಾಟಿನ ಬಾಗಿಲು ಮುಚ್ಚಿ, ಟೊಪ್ಪಿಯ ಮೇಲೆ ಬಿದ್ದ ತನ್ನದೇ ಬೆರಳಿನ ಗುರುತನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದಳು.

"ಇಲ್ಲ," ಎಂದರು. "ಶಿವಕುಮಾರಿ ನೋಡಿದ್ದಾಳೆ."