ಗ್ಯಾರೇಜಿನ ಬಾಣಂತಿ ಕೋಣೆ

ಅಮೆರಿಕದ ಓಲ್ಡ್ ಬ್ರಿಡ್ಜ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಆಂಟಿ, ಗಾಯಗೊಂಡ ಒಪಾಸಮ್‌ಗಳನ್ನು ಚಳಿಗಾಲ ಕಳೆಯುವವರೆಗೆ ಗ್ಯಾರೇಜಿನಲ್ಲಿಟ್ಟು ಸಾಕುತ್ತಿದ್ದರು. ಬೆಕ್ಕಿನ ಗಾತ್ರದ, ಇಲಿಮೂತಿಯ ಆ ಪ್ರಾಣಿಗಳು ಹೆದರಿದರೆ ಸತ್ತಂತೆ ಬೀಳುತ್ತವೆ. ಆಂಟಿ ಸ್ವೆಟರಿನ ತೋಳಿನಿಂದ ಅವುಗಳ ಮೂತಿ ಒರೆಸುತ್ತಾ, "ನಾಟಕ ಕಣೇ, ಬರೀ ನಾಟಕ," ಎನ್ನುತ್ತಿದ್ದರು.

ಹಿಮ ಬಿದ್ದು ಕರೆಂಟ್ ಹೋದ ಒಂದು ಬೆಳಿಗ್ಗೆ ಅವರನ್ನು ನೋಡಲು ಹೋಗಿ, ಮನೆಯೊಳಗಿನಿಂದ ಗ್ಯಾರೇಜಿಗೆ ಇಳಿದೆ. ಗ್ಯಾರೇಜಿನ ಸಂದುಗಳಿಗೆಲ್ಲ ಹಳೆಯ ಟವೆಲ್ ತುರುಕಿ, ಬಾಣಂತಿ ಕೋಣೆಯಲ್ಲಿ ಇಡುವಂತೆ ಬಾಣಲೆ ತುಂಬ ಇದ್ದಿಲ ಕೆಂಡ ಇಟ್ಟುಕೊಂಡು ಕೂತಿದ್ದರು. ಗೂಡುಗಳಲ್ಲಿ ನಾಲ್ಕು ಒಪಾಸಮ್‌ಗಳೂ ಅಲುಗದೆ ಬಿದ್ದಿದ್ದವು.

"ಆಂಟೀ, ಕೆಂಡದ ಹೊಗೆ ವಿಷ, ಕಾರ್ಬನ್ ಮೊನಾಕ್ಸೈಡ್! ಹೊರಗೆ ಬನ್ನಿ!"

"ಸುಮ್ನಿರೇ ಇಂಜಿನಿಯರಮ್ಮ, ನಮ್ಮಮ್ಮ ನನ್ನನ್ನೂ ಹೀಗೇ ಬೆಚ್ಚಗಿಟ್ಟಿದ್ದು. ಇವು ನಾಟಕ ಆಡ್ತಿವೆ," ಎಂದು ನಕ್ಕರು. ಏಳಲು ಹೋಗಿ ಗೋಡೆಗುಂಟ ಜಾರಿ ಬಿದ್ದರು.

ಕರೆಂಟಿಲ್ಲದೆ ತೆರೆಯದ ಗ್ಯಾರೇಜಿನ ಆ ದೊಡ್ಡ ಬಾಗಿಲನ್ನು ಕೈಯಿಂದ ಹೇಗೆ ಎತ್ತಿದೆನೋ ನೆನಪಿಲ್ಲ. ಅದು ಅಲುಗದೆ ನಿಂತಿದ್ದ ಕ್ಷಣಗಳು ಮಾತ್ರ ಇಂದಿಗೂ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತವೆ. ಅವರನ್ನು ಹಿಮದ ಮೇಲಕ್ಕೆ ಎಳೆದು ತಂದು 911ಕ್ಕೆ ಫೋನ್ ಮಾಡಿದೆ. ಕಣ್ಣು ಬಿಟ್ಟವರೇ, "ಅವು ಒಳಗಿವೆ, ಬಿಡೇ ನನ್ನ," ಎಂದು ಗ್ಯಾರೇಜಿನತ್ತ ತೆವಳತೊಡಗಿದರು. ಅಗ್ನಿಶಾಮಕದವರು ಗೂಡುಗಳನ್ನು ಹೊರಗೆ ತರುವವರೆಗೂ ನಾನು ಅವರ ಕೈ ಬಿಡಲಿಲ್ಲ.

ಮೂರು ಉಸಿರಾಡುತ್ತಿದ್ದವು. ಆಂಬ್ಯುಲೆನ್ಸ್ ಹತ್ತಲು ಒಪ್ಪದೆ, ಆಂಟಿ ನಾಲ್ಕನೆಯದರ ಮುಂದೆ ಬಹಳ ಹೊತ್ತು ಕಾದು ಕೂತರು.